ಗಾಯಗೊಂಡ ಡ್ರ್ಯಾಗನ್ ತಪ್ಪಿಸಿಕೊಂಡಿದೆ, ಇನ್ನು ಅದನ್ನು ಹೇಗೆ ಆಡಿಸಲಿ?

ಗವಿಬಾಗಿಲು:
ಎಲ್ಲರಿಗೂ ನಮಸ್ಕಾರ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಟೇಬಲ್ ಸುತ್ತ ಕೂತು, ದಾಳ ಹಾಕಿ, ಪಾತ್ರಗಳಾಗಿ ಕಥೆ ಆಡುವುದು) 5ನೇ ಆವೃತ್ತಿ, 2014ರ ಪುಸ್ತಕಗಳು. ಡಿಎಂ, ಅಂದರೆ ಕಥೆಯನ್ನೂ ವಿಲನ್‌ನನ್ನೂ ನಡೆಸುವುದು, ನಾನು. ಐದು ಜನ ಆಟಗಾರರು, ಎಲ್ಲರೂ 13ನೇ ಲೆವೆಲ್. ಫೈಟರ್ (ಯೋಧ), ವಿಝರ್ಡ್ (ಮಂತ್ರವಾದಿ), ಕ್ಲೆರಿಕ್ (ವಾಸಿ ಮಾಡುವ ಪೂಜಾರಿ), ರೇಂಜರ್ (ಕಾಡಿನ ಬೇಟೆಗಾರ್ತಿ), ರೋಗ್ (ಕಳ್ಳ). ವಿಲನ್ ಒಂದು ವಯಸ್ಕ ಕೆಂಪು ಡ್ರ್ಯಾಗನ್.

ಹೋದ ಸೆಷನ್‌ನಲ್ಲಿ ಕಣಿವೆ ದಾರಿಯಲ್ಲಿ ಅದು ಇವರ ಮೇಲೆ ಎರಗಿತು. ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಚೆನ್ನಾಗಿ ಹೋರಾಡಿದರು. ನಾಲ್ಕೇ ರೌಂಡ್‌ಗೆ ಅದರ 256 ಹಿಟ್ ಪಾಯಿಂಟ್ (ಜೀವಬಲ) 71ಕ್ಕೆ ಇಳಿಯಿತು. ಸೇವ್ (ಮಂತ್ರದಂಥದ್ದರಿಂದ ತಪ್ಪಿಸಿಕೊಳ್ಳಲು ಹಾಕುವ ದಾಳ) ಸೋತರೂ ಗೆದ್ದಂತೆ ಮಾಡುವ, ದಿನಕ್ಕೆ ಮೂರು ಸಲ ಸಿಗುವ ಲೆಜೆಂಡರಿ ರೆಸಿಸ್ಟೆನ್ಸ್‌ನಲ್ಲಿ ಎರಡು ಮುಗಿದಿವೆ. ಆಗ ನಾನು ಅದನ್ನು ಹಾರಿಸಿಕೊಂಡು ಹೋದೆ. ಸೆಷನ್ ಅಲ್ಲಿಗೇ ನಿಲ್ಲಿಸಿದೆವು.

ಇದಕ್ಕೆ ಕಾರಣ ಇದೆ. ಹಿಂದಿನ ಕಥೆಯಲ್ಲೂ ಒಂದು ಡ್ರ್ಯಾಗನ್ ಇತ್ತು. ನೆಲದ ಮೇಲೆ ನಿಂತು, ಎದುರಿಗೆ ಬಂದವರನ್ನು ಕಚ್ಚುತ್ತಾ, ಸಾಯುವ ತನಕ ಕದಲಲಿಲ್ಲ. ಆಮೇಲೆ ಒಬ್ಬ ಆಟಗಾರ "ಇದು ದೊಡ್ಡ ಹಸುವಿನ ಥರ ಇತ್ತು" ಅಂದ. ಆ ಮಾತು ನನಗೆ ಇನ್ನೂ ಚುಚ್ಚುತ್ತಿದೆ. ಇದರ ಬುದ್ಧಿಮತ್ತೆ 16. ನೂರಾರು ವರ್ಷ ಬದುಕಿರುವ ಪ್ರಾಣಿ. ಈಗ ಮೈತುಂಬಾ ಗಾಯ. ಗವಿ ಅಲ್ಲಿಂದ ಆರು ಗಂಟೆಯ ದಾರಿ, ಮತ್ತು ಅದು ಎಲ್ಲಿದೆ ಅಂತ ಇವರಿಗೆ ಹೆಚ್ಚುಕಡಿಮೆ ಗೊತ್ತು. ಮುಂದಿನ ಆರೇಳು ಗಂಟೆಯಲ್ಲಿ ಈ ಡ್ರ್ಯಾಗನ್ ಏನು ಮಾಡುತ್ತದೆ?

ಇಪ್ಪತ್ತು_ಮುಖ:
71ರಲ್ಲಿ ಓಡಿದ್ದು ತಡವಾಯಿತು. ನಾಲ್ಕು ರೌಂಡ್‌ಗೆ 185 ಅಂದರೆ ರೌಂಡಿಗೆ 46. ಫೈಟರ್‌ಗೆ ಒಂದು ಕ್ರಿಟಿಕಲ್ (ಇಮ್ಮಡಿ ದಾಳದ ಏಟು) ಬಿದ್ದಿದ್ದರೆ ಆ ರೌಂಡಲ್ಲೇ ಮುಗಿಯುತ್ತಿತ್ತು. ಬುದ್ಧಿ ಇರುವ ಪ್ರಾಣಿ ಅರ್ಧಕ್ಕೆ ಇಳಿದಾಗಲೇ ಹೊರಡುತ್ತದೆ.

ಕೆಂಡದ_ಮೂಗು:
ನಾನು ಒಪ್ಪುವುದಿಲ್ಲ. ಕೆಂಪು ಡ್ರ್ಯಾಗನ್ ಓಡುವುದೇ ಇಲ್ಲ. ನೀಲಿ ಓಡುತ್ತದೆ, ಹಸಿರು ಓಡುತ್ತದೆ, ಕಪ್ಪು ನೀರಿಗೆ ಬಿದ್ದು ಮಾಯವಾಗುತ್ತದೆ. ಆದರೆ ಕೆಂಪಿಗೆ ತನಗಿಂತ ಮೇಲೆ ಯಾರೂ ಇಲ್ಲ ಅನ್ನುವುದೇ ಉಸಿರು. ಐದು ಜನ ಕುಳ್ಳರ ಎದುರು ಬೆನ್ನು ತೋರಿಸಿದರೆ ಅದು ಕೆಂಪು ಡ್ರ್ಯಾಗನ್ ಹೇಗಾಗುತ್ತದೆ? ಪುಸ್ತಕದಲ್ಲಿರುವ ಸ್ವಭಾವ ಬಿಟ್ಟು ನಮ್ಮ ಬುದ್ಧಿಯನ್ನು ಅದಕ್ಕೆ ಹಾಕುವುದು ಸರಿಯಲ್ಲ.

ಹಳೇ_ದಾಳ:
ಕೆಂಡದ_ಮೂಗು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಹಳೆಯ ನಿಯಮದಲ್ಲಿ ಇದನ್ನು ಅಂಕಿಯಲ್ಲೇ ಬರೆದಿದ್ದರು. 1981ರ ಬೇಸಿಕ್ ಪುಸ್ತಕದಲ್ಲಿ ಪ್ರತಿ ಪ್ರಾಣಿಗೂ ಮೊರೇಲ್ ಅಂತ ಒಂದು ಸಂಖ್ಯೆ. ಎರಡು ಆರುಮುಖದ ದಾಳ ಹಾಕಬೇಕು. ಆ ಸಂಖ್ಯೆ ದಾಟಿದರೆ ಪ್ರಾಣಿ ಹಿಂದೆ ಸರಿಯುತ್ತದೆ ಅಥವಾ ಶರಣಾಗುತ್ತದೆ. ಬಿಳಿ ಡ್ರ್ಯಾಗನ್‌ಗೆ 8, ಕೆಂಪಿಗೆ 10. ಅಂದರೆ ಕೆಂಪು ಸರಿಯುವುದು 11 ಅಥವಾ 12 ಬಿದ್ದರೆ ಮಾತ್ರ. ಹನ್ನೆರಡರಲ್ಲಿ ಒಂದು ಸಲ. ಅಪರೂಪ, ಆದರೆ ಆಗದ ಮಾತಲ್ಲ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಆ ನಿಯಮದಲ್ಲಿ ಡ್ರ್ಯಾಗನ್ ಬಾಯಿಂದ ಉಗುಳುವ ಉಸಿರಿನ ಏಟು ಅದರ ಆ ಕ್ಷಣದ ಹಿಟ್ ಪಾಯಿಂಟ್ ಎಷ್ಟೋ ಅಷ್ಟೇ. 40 ಉಳಿದಿದ್ದರೆ 40 ಡ್ಯಾಮೇಜ್. 6 ಉಳಿದಿದ್ದರೆ 6. ಅದೂ ದಿನಕ್ಕೆ ಮೂರೇ ಸಲ. ಹಾಗಾಗಿ ಗಾಯಗೊಂಡ ಡ್ರ್ಯಾಗನ್ ಅಂದರೆ ಹಲ್ಲು ಕಿತ್ತ ಡ್ರ್ಯಾಗನ್. ಓಡುವುದು ಅದಕ್ಕೆ ಸಹಜವಾಗಿತ್ತು. 5ನೇ ಆವೃತ್ತಿಯಲ್ಲಿ ಹಾಗಿಲ್ಲ. ಒಂದೇ ಒಂದು ಹಿಟ್ ಪಾಯಿಂಟ್ ಉಳಿದಿದ್ದರೂ ಉಸಿರು 18 ಆರುಮುಖದ ದಾಳದ ಪೂರ್ತಿ ಬಲ, ಸರಾಸರಿ 63. ಸಾಯುವ ಕ್ಷಣದ ತನಕ ಅದು ಅಷ್ಟೇ ಅಪಾಯಕಾರಿ. ಅದಕ್ಕೇ ಈಗಿನ ಡಿಎಂಗಳಿಗೆ "ಇನ್ನೊಂದೇ ರೌಂಡ್ ಇರಲಿ, ಒಮ್ಮೆ ಉಗುಳಿದ ಉಸಿರು ವಾಪಸ್ ಬರಬಹುದು" ಅನ್ನಿಸುವುದು.

ರೂಲ್_ಪುಸ್ತಕ:
5ನೇ ಆವೃತ್ತಿಯಲ್ಲೂ ಮೊರೇಲ್ ಇದೆ. 2014ರ ಡಿಎಂ ಪುಸ್ತಕದಲ್ಲಿ ಐಚ್ಛಿಕ ನಿಯಮವಾಗಿ ಕೊಟ್ಟಿದ್ದಾರೆ. ಹಿಟ್ ಪಾಯಿಂಟ್ ಮೊದಲ ಸಲ ಅರ್ಧಕ್ಕೆ ಇಳಿದಾಗ ವಿಸ್‌ಡಮ್ (ವಿವೇಕದ) ಸೇವ್, ಡಿಸಿ 10, ಅಂದರೆ ಇಪ್ಪತ್ತುಮುಖದ ದಾಳದ ಮೊತ್ತ 10 ಆದರೂ ಆಗಬೇಕು. ವಯಸ್ಕ ಕೆಂಪಿಗೆ ಆ ಸೇವ್‌ನಲ್ಲಿ +7. ದಾಳದಲ್ಲಿ 1 ಅಥವಾ 2 ಬಿದ್ದರೆ ಮಾತ್ರ ಓಡುತ್ತದೆ. ಹತ್ತರಲ್ಲಿ ಒಂದು. ಹಳೇ_ದಾಳ ಹೇಳಿದ ಲೆಕ್ಕಕ್ಕೆ ಹತ್ತಿರವೇ ಬಂತು.

ಅರ್ಧರಾತ್ರಿ_ಡಿಎಂ:
ಆದರೆ ಮೊರೇಲ್ ಅಳೆಯುವುದು ಹೆದರಿಕೆಯನ್ನು ಅಲ್ವಾ? ಹೆದರಿ ಓಡುವುದು ಬೇರೆ, ಲೆಕ್ಕ ಹಾಕಿ ಹೊರಡುವುದು ಬೇರೆ. ಗವಿಬಾಗಿಲು ಅವರ ಡ್ರ್ಯಾಗನ್ ಹೆದರಿರಲೇಬೇಕು ಅಂತಿಲ್ಲ. ಕೆಂಡದ_ಮೂಗು ಅವರೇ, ಅಹಂಕಾರ ಇರುವವನು ಸೋತ ಜಾಗದಲ್ಲಿ ಸಾಯುವುದಿಲ್ಲ. "ಇವರು ಸಾಯುವುದನ್ನು ನಾನು ನೋಡಲೇಬೇಕು" ಅಂತ ಹೊರಡುತ್ತಾನೆ. ನನ್ನ ಪ್ರಕಾರ ಕೆಂಪಿನ ಅಹಂಕಾರ ಕಾಣಿಸಬೇಕಾದದ್ದು ಹೊರಡುವ ಹೊತ್ತಿನಲ್ಲಿ. ಬೇರೆ ಡ್ರ್ಯಾಗನ್ ಸುಮ್ನೆ ಹಾರಿಹೋಗುತ್ತದೆ. ಕೆಂಪು ಹೋಗುವಾಗ ಒಬ್ಬನ ಹೆಸರು ಹಿಡಿದು ಕೂಗಿ ಹೋಗುತ್ತದೆ.

ಕೆಂಡದ_ಮೂಗು:
ಹೆಸರು ಹಿಡಿದು ಕೂಗುವುದು ಇಷ್ಟವಾಯಿತು. ಆದರೂ ಅರ್ಧಕ್ಕೇ ಹೊರಡಬೇಕು ಅನ್ನುವುದನ್ನು ಒಪ್ಪಲಾರೆ. ಕೆಂಪು ತಡವಾಗಿಯೇ ಓಡಬೇಕು. ಆ ತಡವೇ ಅದರ ಸ್ವಭಾವದ ಬೆಲೆ. 71 ಸರಿಯಾಗಿದೆ.

ಬಿಲ್ಲುಗಾರ್ತಿ:
ನಾನು ಡಿಎಂ ಅಲ್ಲ, ಆಟಗಾರ್ತಿ. ಒಂದು ಮಾತು ಹೇಳಲೇಬೇಕು.

ನಮ್ಮ ಟೇಬಲ್‌ನಲ್ಲಿ ಒಂದು ಡ್ರ್ಯಾಗನ್ ಮೂರು ಸಲ ಓಡಿತು. ಮೊದಲನೇ ಸಲ ಮೈ ಜುಮ್ ಅಂದಿತ್ತು. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ನಾವು ಐದು ಜನವೂ ಪೆನ್ಸಿಲ್ ಕೆಳಗಿಟ್ಟೆವು. ಯಾಕೆಂದರೆ ಪ್ರತಿ ಸಲವೂ ನಾವು ಗೆದ್ದು ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಸ್ಪೆಲ್ (ಮಂತ್ರ) ಖಾಲಿ, ಬಾಣ ಖಾಲಿ, ಡ್ರ್ಯಾಗನ್ ಮಾತ್ರ ಮುಂದಿನ ವಾರ ಪೂರ್ತಿ ಆರೋಗ್ಯವಾಗಿ ಹಾಜರ್. ಮೂರನೇ ಸಲ ನಾನು ಅದನ್ನು ತಡೆಯಲು ಒಂದು ಉಪಾಯ ಮಾಡಿದ್ದೆ. ಡಿಎಂ ಯೋಚನೆಯೇ ಮಾಡದೆ "ಆಗಲ್ಲ" ಅಂದುಬಿಟ್ಟರು. ಬುದ್ಧಿವಂತ ವಿಲನ್ ಬೇಕು, ಒಪ್ಪಿದೆ. ಆದರೆ ಅದು ಓಡುವಾಗ ನಮಗೂ ಏನಾದರೂ ಸಿಗಲಿ. ತಡೆಯುವ ಅವಕಾಶ ನಿಜವಾಗಿಯೂ ಇರಲಿ.

ಗವಿಬಾಗಿಲು:
ಬಿಲ್ಲುಗಾರ್ತಿ ಅವರೇ, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನ ಭಯವೂ ಇದೇ. ಅಂದ ಹಾಗೆ ಹೇಳುವುದು ಮರೆತಿದ್ದೆ. ಹೊಡೆದಾಟ ಆದ ಜಾಗದಲ್ಲಿ ಅದರ ಎರಡು ಚಿಪ್ಪು ಬಿದ್ದಿದ್ದವು. ರೇಂಜರ್ ಎತ್ತಿಟ್ಟುಕೊಂಡಿದ್ದಾಳೆ. ನಾನು ಅದನ್ನು ವರ್ಣನೆಗೆ ಅಂತ ಹೇಳಿದ್ದು, ಅವಳು ಗಂಭೀರವಾಗಿ ಬರೆದುಕೊಂಡಳು.

ನಕ್ಷೆಗಾರ:
ತಡೆಯುವ ಅವಕಾಶದ ವಿಷಯ ಬಂತಲ್ಲ, ಹಾರಿಹೋಗುವುದನ್ನು ಲೆಕ್ಕ ಹಾಕಿ ನೋಡೋಣ. ಬಹಳ ಡಿಎಂಗಳು ಇಲ್ಲೇ ಎಡವುತ್ತಾರೆ.

ಡ್ರ್ಯಾಗನ್‌ಗೆ ಗೂಬೆಯ ಹಾಗೆ ಫ್ಲೈಬೈ (ಏಟು ತಿನ್ನದೆ ಹಾರಿಹೋಗುವ ಶಕ್ತಿ) ಇಲ್ಲ. ಕೈಗೆಟುಕುವ ದೂರದಿಂದ ಎದ್ದರೆ ಫೈಟರ್‌ಗೂ ರೋಗ್‌ಗೂ ಆಪರ್ಚುನಿಟಿ ಅಟ್ಯಾಕ್ (ಬಿಟ್ಟು ಹೋಗುವವರಿಗೆ ಕೊಡುವ ಏಟು) ಸಿಗುತ್ತದೆ. ಅದಕ್ಕೇ ತಿಳಿದ ಡ್ರ್ಯಾಗನ್ ಮೊದಲು ರೆಕ್ಕೆ ಬಡಿಯುತ್ತದೆ. ಇನ್ನೊಬ್ಬರ ಸರದಿ ಮುಗಿದಾಗ ಎರಡು ಲೆಜೆಂಡರಿ ಆಕ್ಷನ್ (ತನ್ನ ಸರದಿಯ ಆಚೆ ಸಿಗುವ ಅವಕಾಶ) ಕೊಟ್ಟು ವಿಂಗ್ ಅಟ್ಯಾಕ್. 10 ಅಡಿಯೊಳಗೆ ಇರುವವರು ಡಿಸಿ 22 ಸೇವ್ ತಪ್ಪಿದರೆ ನೆಲಕ್ಕೆ. ಬಿದ್ದವರು ಹೊಡೆದರೆ ಡಿಸ್‌ಅಡ್ವಾಂಟೇಜ್, ಎರಡು ದಾಳದಲ್ಲಿ ಕಡಿಮೆ ಬಿದ್ದದ್ದೇ ಲೆಕ್ಕ. ಅದರ ಹಿಂದೆಯೇ ಡ್ರ್ಯಾಗನ್ ಅರ್ಧ ವೇಗದಲ್ಲಿ, ಅಂದರೆ 40 ಅಡಿ, ಮೇಲೇಳಬಹುದು. ಆಮೇಲೆ ತನ್ನ ಸರದಿಯಲ್ಲಿ 80, ಡ್ಯಾಶ್ ಮಾಡಿದರೆ 160. ಒಟ್ಟು 200 ಅಡಿ. ಸ್ಪೆಲ್‌ಗಳಲ್ಲಿ ಕೌಂಟರ್‌ಸ್ಪೆಲ್ 60 ಅಡಿ, ಎಲ್ಡ್ರಿಚ್ ಬ್ಲಾಸ್ಟ್ 120, ಫೈರ್‌ಬಾಲ್ 150. ಎಲ್ಲದರಿಂದಲೂ ಆಚೆ. ಹಿಂದೆ ಬರುವುದು ಉದ್ದ ಬಿಲ್ಲು ಮಾತ್ರ, ಅದು 600 ಅಡಿ ಹೋಗುತ್ತದೆ. 150 ದಾಟಿದ ಮೇಲೆ ಗುರಿ ಕಷ್ಟ, ಅಷ್ಟೇ.

ಇದನ್ನೆಲ್ಲ ಟೇಬಲ್ ಮೇಲೆ ತೋರಿಸುವುದು ಹೇಗೆ ಅನ್ನುವುದೇ ನನ್ನ ತಲೆನೋವು. ಎತ್ತರ ತೋರಿಸಲು ಯಾರು ಏನು ಬಳಸುತ್ತೀರಿ?

ಇಪ್ಪತ್ತು_ಮುಖ:
ಬೊಂಬೆ ಪಕ್ಕದಲ್ಲಿ ಒಂದು ದಾಳ ಇಡುತ್ತೇನೆ. 4 ಅಂದರೆ 40 ಅಡಿ.

ಹಳೇ_ದಾಳ:
ಪಾರದರ್ಶಕ ಡಬ್ಬಿಗಳನ್ನು ಒಂದರ ಮೇಲೊಂದು ಇಡಿ. ಕೆಳಗೆ ಏನಿದೆ ಅಂತಲೂ ಕಾಣುತ್ತದೆ. ಬೊಂಬೆ ಭಾರ ಇದ್ದರೆ ಮಾತ್ರ ಎರಡಕ್ಕಿಂತ ಜಾಸ್ತಿ ಬೇಡ.

ಬಿಲ್ಲುಗಾರ್ತಿ:
ದಾಳ ಇಟ್ಟರೆ ಯಾರೋ ಒಬ್ಬರು ಅದನ್ನೇ ಎತ್ತಿ ಉರುಳಿಸುತ್ತಾರೆ. ನಮ್ಮಲ್ಲಿ ಪ್ರತಿ ಸೆಷನ್ ಇದೇ ಕಥೆ. ಡಬ್ಬಿಯೇ ವಾಸಿ.

ರೂಲ್_ಪುಸ್ತಕ:
ವಿಷಯಕ್ಕೆ ಬರುತ್ತೇನೆ. ನಕ್ಷೆಗಾರ ಅವರ ಲೆಕ್ಕ ಸರಿ, ಒಂದು ಬಿಟ್ಟಿದ್ದಾರೆ. ಫೈಟರ್‌ಗೆ ಸೆಂಟಿನೆಲ್ ಫೀಟ್ (ಒಂದು ವಿಶೇಷ ಪರಿಣತಿ) ಇದ್ದರೆ, ಆಪರ್ಚುನಿಟಿ ಅಟ್ಯಾಕ್ ತಗುಲಿದ ತಕ್ಷಣ ಆ ಸರದಿ ಮುಗಿಯುವ ತನಕ ಡ್ರ್ಯಾಗನ್ ವೇಗ ಸೊನ್ನೆ. ಅದಕ್ಕೆ ಸೇವ್ ಇಲ್ಲ. ಸೇವ್ ಇಲ್ಲದ ಕಡೆ ಲೆಜೆಂಡರಿ ರೆಸಿಸ್ಟೆನ್ಸ್ ಕೆಲಸಕ್ಕೆ ಬಾರದು. ಅದೇ ರೀತಿ ಕಾಣದ ಗೋಡೆ ಎಬ್ಬಿಸುವ ವಾಲ್ ಆಫ್ ಫೋರ್ಸ್ ಸ್ಪೆಲ್‌ಗೂ ಸೇವ್ ಇಲ್ಲ. ಹಾರುವವರನ್ನು ನೆಲಕ್ಕಿಳಿಸುವ ಅರ್ತ್‌ಬೈಂಡ್ 300 ಅಡಿ ದೂರಕ್ಕೆ ಹೋಗುತ್ತದೆ, ಆದರೆ ಅದಕ್ಕೆ ಸ್ಟ್ರೆಂತ್ ಸೇವ್ ಇದೆ. ಕೆಂಪಿನ ಬಲ 27, ಸುಲಭಕ್ಕೆ ಬೀಳುವುದಿಲ್ಲ.

ಇನ್ನು 13ನೇ ಲೆವೆಲ್ ವಿಝರ್ಡ್ ಅಂದರೆ 7ನೇ ಲೆವೆಲ್ ಸ್ಪೆಲ್ ಇದೆ. ಫೋರ್ಸ್‌ಕೇಜ್ ಕಲಿತಿದ್ದರೆ ಹುಷಾರು. 20 ಅಡಿಯ ಕಂಬಿ ಪಂಜರ, 100 ಅಡಿ ದೂರದಿಂದ, ಒಂದು ಗಂಟೆ, ಒಳಗೆ ಹಾಕಲು ಸೇವ್ ಇಲ್ಲ. ಡ್ರ್ಯಾಗನ್ ಅದರೊಳಗೆ ಹಿಡಿಸುತ್ತದೆ.

ಗವಿಬಾಗಿಲು:
ಕಲಿತಿದ್ದಾನೆ. ಅದಕ್ಕೆ ಬೇಕಾದ 1500 ಚಿನ್ನದ ನಾಣ್ಯದ ಮಾಣಿಕ್ಯದ ಪುಡಿಯನ್ನೂ ಎರಡು ತಿಂಗಳಿಂದ ಜೋಪಾನ ಮಾಡಿದ್ದಾನೆ. ಕಣಿವೆಯಲ್ಲಿ ಬಳಸಲಿಲ್ಲ, ಡ್ರ್ಯಾಗನ್ ಅವನಿಂದ ದೂರ ಇತ್ತು. ಆ ಸ್ಲಾಟ್ (ಆ ಸ್ಪೆಲ್ ಹಾಕುವ ಅವಕಾಶ) ಇನ್ನೂ ಉಳಿದಿದೆ.

ಅರ್ಧರಾತ್ರಿ_ಡಿಎಂ:
ಹಾಗಾದರೆ ಕೇಳಿ. ಈ ಪಂಜರದ ವಿಷಯ ಡ್ರ್ಯಾಗನ್‌ಗೆ ಗೊತ್ತಿಲ್ಲ. ನಿಮಗೆ ಗೊತ್ತು. ಬುದ್ಧಿವಂತ ವಿಲನ್ ಆಡಿಸುವಾಗ ಬಹಳ ಡಿಎಂಗಳು ಮಾಡುವ ದೊಡ್ಡ ತಪ್ಪು ಇದೇ. ತಮಗೆ ಗೊತ್ತಿರುವುದೆಲ್ಲ ವಿಲನ್‌ಗೂ ಗೊತ್ತು ಅಂತ ಆಡಿಸಿಬಿಡುತ್ತಾರೆ. ನಾನು ಮಾಡುವುದು ಹೀಗೆ. ಒಂದು ಹಾಳೆ ತೆಗೆದುಕೊಂಡು, ಹೊಡೆದಾಟದಲ್ಲಿ ಡ್ರ್ಯಾಗನ್ ಕಣ್ಣಾರೆ ಕಂಡಿದ್ದನ್ನು ಮಾತ್ರ ಬರೆಯುತ್ತೇನೆ. ಉದಾಹರಣೆಗೆ, ಫೈಟರ್ ಪಕ್ಕದಿಂದ ಎದ್ದಾಗ ಕಾಲು ಹಿಡಿದ ಹಾಗಾಯಿತು. ಕ್ಲೆರಿಕ್ ಬಿದ್ದವನನ್ನು ದೂರದಿಂದ ಎಬ್ಬಿಸಿದಳು. ವಿಝರ್ಡ್ ಹಿಂದೆ ನಿಂತಿದ್ದ, ಬೆಂಕಿಯ ಸ್ಪೆಲ್ ಹಾಕಲಿಲ್ಲ. ಅಂದರೆ ನಾನು ಬೆಂಕಿಯ ಪ್ರಾಣಿ ಅಂತ ಓದಿಕೊಂಡು ಬಂದಿದ್ದಾನೆ. ಅಷ್ಟೇ. ಮುಂದಿನ ಯೋಜನೆ ಈ ಹಾಳೆಯಿಂದಲೇ ಹುಟ್ಟಬೇಕು.

ಇನ್ನು ಆರೇಳು ಗಂಟೆಯ ವಿಷಯ. ಈ ಡ್ರ್ಯಾಗನ್‌ಗೆ ಈಗ ಬೇಕಾಗಿರುವುದು ಸಮಯ ಒಂದೇ. ಎಂಟು ಗಂಟೆಯ ಲಾಂಗ್ ರೆಸ್ಟ್ ಸಿಕ್ಕರೆ 256 ಪೂರ್ತಿ ವಾಪಸ್. ಮೂರು ರೆಸಿಸ್ಟೆನ್ಸೂ ವಾಪಸ್. ನಿಮ್ಮ ಪಾರ್ಟಿಗೆ ಆರು ಗಂಟೆಯ ದಾರಿ. ಇದು ನಿಮಗೆ ತಾನಾಗಿಯೇ ಒದಗಿಬಂದ ಗಡಿಯಾರ. ಆಟಗಾರರಿಗೆ ಇದನ್ನು ಅರ್ಥ ಮಾಡಿಸಿ. ಬಿಲ್ಲುಗಾರ್ತಿ ಕೇಳಿದ ಅವಕಾಶ ಇದೇ. ಸುಸ್ತಾಗಿಯೇ ಹಿಂದೆ ಹೋದರೆ ಗಾಯಗೊಂಡ ಡ್ರ್ಯಾಗನ್ ಸಿಗುತ್ತದೆ. ಮಲಗಿ ಎದ್ದು ಹೋದರೆ ಎಲ್ಲರೂ ಹೊಸದಾಗಿ ಶುರು.

ಇಪ್ಪತ್ತು_ಮುಖ:
ರಾಕ್ಷಸರಿಗೆ ಲಾಂಗ್ ರೆಸ್ಟ್ ನಿಯಮ ಇಲ್ಲ ಅಲ್ವಾ? ಅದು ಆಟಗಾರರ ಪಾತ್ರಗಳಿಗೆ ಮಾತ್ರ.

ರೂಲ್_ಪುಸ್ತಕ:
ಇದೆ. ಮಾನ್ಸ್ಟರ್ ಪುಸ್ತಕದಲ್ಲಿ ದಿನಕ್ಕೆ ಇಷ್ಟು ಸಲ ಅಂತ ಇರುವ ಶಕ್ತಿಗಳು ಲಾಂಗ್ ರೆಸ್ಟ್ ಆದ ಮೇಲೆ ವಾಪಸ್ ಬರುತ್ತವೆ ಅಂತ ಬರೆದಿದ್ದಾರೆ. ಉಸಿರು ಒಂದು ಗಂಟೆಯ ಶಾರ್ಟ್ ರೆಸ್ಟ್‌ಗೂ ವಾಪಸ್. ಹಿಟ್ ಡೈಸ್ (ಶಾರ್ಟ್ ರೆಸ್ಟ್‌ನಲ್ಲಿ ಹಾಕಿ ಹಿಟ್ ಪಾಯಿಂಟ್ ವಾಪಸ್ ಪಡೆಯುವ ದಾಳ) ಕೂಡ ಅವುಗಳಿಗಿವೆ, ಈ ಡ್ರ್ಯಾಗನ್‌ಗೆ 19 ಹನ್ನೆರಡುಮುಖದ ದಾಳ. ಒಂದೊಂದಕ್ಕೂ +7. ಸರಾಸರಿ 13.5. ಒಂದು ಗಂಟೆ ಕೂತು ಎಲ್ಲವನ್ನೂ ಖರ್ಚು ಮಾಡಲು ಬಿಟ್ಟರೆ ಲೆಕ್ಕದ ಪ್ರಕಾರ 256 ವಾಪಸ್ ಬರುತ್ತದೆ.

ಬಿಲ್ಲುಗಾರ್ತಿ:
ಒಂದೇ ಗಂಟೆಗಾ? ಆಟಗಾರಳಾಗಿ ಹೇಳುತ್ತಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ನಾವು ನಾಲ್ಕು ರೌಂಡ್ ಒದ್ದಾಡಿ ಮಾಡಿದ ಗಾಯಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ.

ನಕ್ಷೆಗಾರ:
ನಾನು ಮಧ್ಯದ ದಾರಿ ಹಿಡಿಯುತ್ತೇನೆ. ಅರ್ಧ ಹಿಟ್ ಡೈಸ್ ಮಾತ್ರ. ಜೊತೆಗೆ ಗಾಯ ಕಣ್ಣಿಗೆ ಕಾಣಬೇಕು. ಡಿಎಂ ಪುಸ್ತಕದಲ್ಲಿ ಉಳಿಯುವ ಗಾಯಗಳ ಪಟ್ಟಿ ಇದೆ, ಕಣ್ಣು ಹೋಗುವುದು, ಕುಂಟುವುದು, ಹಾಗೆ. ರೆಕ್ಕೆ ಹರಿದಿದೆ ಅಂತ ಹಾರುವ ವೇಗವನ್ನು 80ರಿಂದ 40ಕ್ಕೆ ಇಳಿಸಿ.

ರೂಲ್_ಪುಸ್ತಕ:
ಅದು ಐಚ್ಛಿಕ ನಿಯಮ. ಡ್ರ್ಯಾಗನ್‌ಗೆ ಹಾಕಿದರೆ ಆಟಗಾರರಿಗೂ ಹಾಕಬೇಕು. ನಾಳೆ ಫೈಟರ್ ಕಣ್ಣು ಹೋದಾಗ "ಅದು ವಿಲನ್‌ಗೆ ಮಾತ್ರ" ಅನ್ನಲು ಆಗುವುದಿಲ್ಲ. ಮೊದಲೇ ಎಲ್ಲರನ್ನೂ ಕೇಳಿ.

ನಕ್ಷೆಗಾರ:
ಒಪ್ಪಿದೆ. ಕೇಳಿಯೇ ಮಾಡಬೇಕು.

ಹಳೇ_ದಾಳ:
ಒಂದು ಅಡ್ಡ ಮಾತು. 4ನೇ ಆವೃತ್ತಿ, 2008ರದ್ದು, ಇದನ್ನು ಉಲ್ಟಾ ಮಾಡಿತ್ತು. ಅರ್ಧಕ್ಕೆ ಇಳಿದರೆ ಬ್ಲಡೀಡ್ ಅಂತ ಹೆಸರು. ಡ್ರ್ಯಾಗನ್ ಬ್ಲಡೀಡ್ ಆದ ಕ್ಷಣವೇ ಉಸಿರು ವಾಪಸ್ ಬಂದು, ಅಲ್ಲೇ ಆಗಲೇ ಇನ್ನೊಮ್ಮೆ ಉಗುಳುತ್ತಿತ್ತು. ಗಾಯವೇ ಅದರ ಸಿಟ್ಟನ್ನು ಎಬ್ಬಿಸುತ್ತಿತ್ತು. ಆ ಒಂದು ಕ್ಷಣಕ್ಕೆ ಟೇಬಲ್ ಪೂರ್ತಿ ನಿಶ್ಶಬ್ದ ಆಗುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ. 5ರಲ್ಲೂ ಇದನ್ನು ಸೇರಿಸಿಕೊಳ್ಳಬಹುದು. ಕೆಂಡದ_ಮೂಗು ಹೇಳುವ ಕೆಂಪಿನ ಸ್ವಭಾವಕ್ಕೂ ಹೊಂದುತ್ತದೆ. ಅರ್ಧಕ್ಕೆ ಇಳಿದಾಗ ಸಿಟ್ಟಿನಿಂದ ಒಂದು ಉಸಿರು, ಆ ಹೊಗೆಯಲ್ಲೇ ಹಾರಿಹೋಗುವುದು.

ಕೆಂಡದ_ಮೂಗು:
ಇದು! ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಇಪ್ಪತ್ತು_ಮುಖ:
ಎಲ್ಲರೂ ಡ್ರ್ಯಾಗನ್ ಗವಿಯಲ್ಲಿ ಕಾಯುತ್ತದೆ ಅಂತ ಯಾಕೆ ಅಂದುಕೊಂಡಿದ್ದೀರಿ? ನಾನಾಗಿದ್ದರೆ ಇವರನ್ನು ಮಲಗಲು ಬಿಡುವುದಿಲ್ಲ. ರಾತ್ರಿ ಮೇಲಿಂದ ಒಂದು ಸುತ್ತು ಹಾಕಿ ಬೆಂಕಿ ಉಗುಳಿ ಹೋದರೆ ಇವರ ಲಾಂಗ್ ರೆಸ್ಟ್ ಹಾಳು.

ರೂಲ್_ಪುಸ್ತಕ:
ಹಾಳಾಗುವುದಿಲ್ಲ. ಕನಿಷ್ಠ ಒಂದು ಗಂಟೆ ನಡೆಯುವುದು, ಹೊಡೆದಾಡುವುದು, ಸ್ಪೆಲ್ ಹಾಕುವುದು ಇದ್ದರೆ ಮಾತ್ರ ರೆಸ್ಟ್ ಮುರಿಯುತ್ತದೆ. ಎರಡು ರೌಂಡ್ ಅಂದರೆ 12 ಸೆಕೆಂಡ್.

ಇಪ್ಪತ್ತು_ಮುಖ:
ಆ ವಾಕ್ಯದಲ್ಲಿ ಒಂದು ಗಂಟೆ ಅನ್ನುವುದು ನಡೆಯುವುದಕ್ಕೆ ಮಾತ್ರ ಸೇರುತ್ತದೆ. ಹೊಡೆದಾಟ ಎಷ್ಟೇ ಚಿಕ್ಕದಾದರೂ ಮುರಿಯುತ್ತದೆ. ನಾನು ಯಾವಾಗಲೂ ಹಾಗೇ ಓದಿದ್ದೇನೆ.

ರೂಲ್_ಪುಸ್ತಕ:
ಎರಡು ಥರ ಓದಬಹುದು, ನಿಜ. ಆದರೆ ನಿಮ್ಮ ಓದಿನಂತೆ ಒಂದು ಇಲಿ ಬಂದು ಕಚ್ಚಿದರೂ ಇಡೀ ರಾತ್ರಿ ವ್ಯರ್ಥ. ಒಂದು ಗಂಟೆ ಎಲ್ಲದಕ್ಕೂ ಸೇರಿದರೇ ಆಟ ಸರಿಯಾಗಿ ನಡೆಯುವುದು.

ಅರ್ಧರಾತ್ರಿ_ಡಿಎಂ:
ಈ ಜಗಳ ಬೇರೆ ಕಡೆ ಮುಂದುವರಿಸೋಣ, ಇದು ಮುಗಿಯುವಂಥದ್ದಲ್ಲ. ಡ್ರ್ಯಾಗನ್ ದೃಷ್ಟಿಯಿಂದ ನೋಡಿ. ಕೈಯಲ್ಲಿ 71 ಹಿಟ್ ಪಾಯಿಂಟ್ ಇಟ್ಟುಕೊಂಡು ರೇಂಜರ್ ಬಿಲ್ಲಿನ ಎದುರು ಯಾಕೆ ಹಾರಬೇಕು? ಉಸಿರು ಹೋಗುವುದೇ 60 ಅಡಿ. ಅಷ್ಟು ಹತ್ತಿರ ಬಂದರೆ ಫೋರ್ಸ್‌ಕೇಜ್‌ನ 100 ಅಡಿಯೊಳಗೆ ಬಂದ ಹಾಗೆ. ಇನ್ನೊಂದು ಕಾರಣವೂ ಇದೆ. ಅದರ ಭಯ ಹುಟ್ಟಿಸುವ ಶಕ್ತಿ ಇದೆಯಲ್ಲ, ಫ್ರೈಟ್‌ಫುಲ್ ಪ್ರೆಸೆನ್ಸ್, ಒಮ್ಮೆ ಸೇವ್ ಆದವರ ಮೇಲೆ 24 ಗಂಟೆ ನಡೆಯುವುದಿಲ್ಲ. ಮುನ್ನೂರು ವರ್ಷ ಬದುಕಿದ ಪ್ರಾಣಿಗೆ ಇದು ಅನುಭವದಿಂದಲೇ ಗೊತ್ತಿರುತ್ತದೆ. ಇವತ್ತು ಹೆದರದವರು ಇವತ್ತು ಮತ್ತೆ ಹೆದರುವುದಿಲ್ಲ. ಹಾಗಾಗಿ ಅದು ತಾನೇ ಬರುವುದಿಲ್ಲ. ತನ್ನ ಸೇವೆ ಮಾಡುವ ಕುಳ್ಳ ಪ್ರಾಣಿಗಳಾದ ಕೋಬೋಲ್ಡ್‌ಗಳನ್ನು ಕಳಿಸುತ್ತದೆ. ಸೇತುವೆ ಕೆಡವಲು, ಕುದುರೆ ಬಿಚ್ಚಿ ಓಡಿಸಲು. ತಾನು ಮಲಗುತ್ತದೆ.

ಇನ್ನು ಗವಿ. ನಿಧಿ ಇರುವ ಕೋಣೆಯಲ್ಲಿ ಅದು ಮಲಗಿರುತ್ತದೆ ಅಂತ ಎಲ್ಲ ಆಟಗಾರರೂ ಅಂದುಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಇರುವುದಿಲ್ಲ. ಕೆಂಪು 40 ಅಡಿ ವೇಗದಲ್ಲಿ ಗೋಡೆ ಹತ್ತುತ್ತದೆ, ಯಾರೂ ಇದನ್ನು ನೆನಪಿಡುವುದೇ ಇಲ್ಲ. ಮೇಲಿನ ಬಿರುಕಿನಲ್ಲಿ, ನಿಧಿ ಕಣ್ಣಿಗೆ ಕಾಣುವಂಥ ಜಾಗದಲ್ಲಿ ಮಲಗಿರುತ್ತದೆ.

ಆ ಚಿಪ್ಪಿನ ವಿಷಯ. ಅದು ವರ್ಣನೆ ಅಂತ ಬಿಟ್ಟುಬಿಡಬೇಡಿ ಗವಿಬಾಗಿಲು ಅವರೇ. ದೂರದಲ್ಲಿರುವವರನ್ನು ನೋಡುವ ಸ್ಕ್ರೈಯಿಂಗ್ ಸ್ಪೆಲ್ ಓದಿ. ಗುರಿಯ ದೇಹದ ತುಂಡು ಕೈಯಲ್ಲಿದ್ದರೆ ಅದರ ಸೇವ್‌ಗೆ -10. ನಿಮ್ಮ ವಿಝರ್ಡ್ ಡಿಸಿ ಎಷ್ಟು?

ಗವಿಬಾಗಿಲು:
18.

ರೂಲ್_ಪುಸ್ತಕ:
+7ರಲ್ಲಿ 10 ಕಳೆದರೆ -3. ದಾಳದಲ್ಲಿ 20 ಬಿದ್ದರೂ 17. ಸೇವ್‌ನಲ್ಲಿ 20 ಬಿದ್ದರೆ ತಾನಾಗಿ ಗೆಲ್ಲುವ ನಿಯಮ 2014ರಲ್ಲಿ ಇಲ್ಲ. ಅಂದರೆ ಅದು ಸೋಲಲೇಬೇಕು, ಇಲ್ಲವೇ ಉಳಿದಿರುವ ಕೊನೆಯ ಲೆಜೆಂಡರಿ ರೆಸಿಸ್ಟೆನ್ಸ್ ಖರ್ಚು ಮಾಡಬೇಕು.

ಬಿಲ್ಲುಗಾರ್ತಿ:
ನೋಡಿ, ನಾನು ಕೇಳಿದ್ದು ಇದನ್ನೇ. ರೇಂಜರ್ ಎತ್ತಿಟ್ಟುಕೊಂಡ ಚಿಪ್ಪಿಗೆ ಇಷ್ಟು ಬೆಲೆ ಬಂದರೆ ಅವಳು ಈ ಡ್ರ್ಯಾಗನ್ನನ್ನು ಜನ್ಮದಲ್ಲಿ ಮರೆಯುವುದಿಲ್ಲ. ಅವರಿಗೆ ಹೊಳೆಯದಿದ್ದರೆ ಒಂದು ಸುಳಿವು ಕೊಡಿ.

ಕೆಂಡದ_ಮೂಗು:
ಸುಳಿವು ಬೇಡ. ಅವರೇ ಕಂಡುಕೊಳ್ಳಲಿ.

ಅರ್ಧರಾತ್ರಿ_ಡಿಎಂ:
ಪಾತ್ರಕ್ಕೆ ಗೊತ್ತಿರುವುದನ್ನು ಆಟಗಾರನಿಗೆ ಹೇಳುವುದು ಸುಳಿವಲ್ಲ. 13ನೇ ಲೆವೆಲ್ ವಿಝರ್ಡ್‌ಗೆ ತನ್ನ ಸ್ಪೆಲ್‌ಗೆ ಏನು ಬೇಕು ಅಂತ ಗೊತ್ತಿರುತ್ತದೆ.

ನಕ್ಷೆಗಾರ:
ಮಾತುಕತೆಯನ್ನು ಮರೆಯಬೇಡಿ. ಅದರ ಕರಿಸ್ಮಾ (ಮಾತಿನ ಪ್ರಭಾವ) 21. ಗಾಯಗೊಂಡ ಬುದ್ಧಿವಂತ ಪ್ರಾಣಿ ಸಮಯ ಕೊಳ್ಳಲು ಮಾತಾಡುತ್ತದೆ. ಒಂದು ಗಂಟೆ ಮಾತಾಡಿಸಿದರೆ ಒಂದು ಗಂಟೆ ವಿಶ್ರಾಂತಿ.

ಕೆಂಡದ_ಮೂಗು:
ಕೆಂಪು ಬೇಡಿಕೊಳ್ಳುವುದಿಲ್ಲ.

ನಕ್ಷೆಗಾರ:
ಬೇಡಿಕೊಳ್ಳಬೇಕು ಅಂತ ನಾನು ಹೇಳಲಿಲ್ಲ. ಅಪ್ಪಣೆ ಕೊಡುವ ಧಾಟಿಯಲ್ಲೇ ಮಾತಾಡಲಿ. ಕೇಳಿಸಿಕೊಳ್ಳುವವರು ಅದನ್ನು ಭಿಕ್ಷೆ ಅಂತ ಅರ್ಥ ಮಾಡಿಕೊಳ್ಳಬಾರದು, ಅಷ್ಟೇ.

ಇಪ್ಪತ್ತು_ಮುಖ:
ಒಂದು ಪ್ರಶ್ನೆ. ಪಂಜರದಲ್ಲಿ ಸಿಕ್ಕಿಬಿದ್ದರೆ? ದಾಳ ಸ್ವಲ್ಪ ತಿರುಗಿಸಿ ಡ್ರ್ಯಾಗನ್ನನ್ನು ಉಳಿಸುತ್ತೀರಾ?

ಗವಿಬಾಗಿಲು:
ಇಲ್ಲ. ಸಿಕ್ಕಿಬಿದ್ದರೆ ಸಾಯಲಿ. ನನ್ನ ದಾಳಗಳನ್ನು ಎಲ್ಲರಿಗೂ ಕಾಣುವ ಹಾಗೆಯೇ ಹಾಕುತ್ತೇನೆ. ಆದರೆ ಕಂಬಿಗಳ ನಡುವಿನಿಂದ ಉಸಿರು ಹೊರಗೆ ಬರುತ್ತದೆ ಅನ್ನುವುದನ್ನೂ ಮರೆಯುವುದಿಲ್ಲ. ಶನಿವಾರ ಸೆಷನ್. ಬಂದು ಹೇಳುತ್ತೇನೆ.

ಗವಿಬಾಗಿಲು:
ಎಲ್ಲರಿಗೂ ಮತ್ತೆ ನಮಸ್ಕಾರ. ನಿನ್ನೆ ಆಡಿದೆವು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲಿಗೆ ಅರ್ಧ ಹಿಟ್ ಡೈಸ್ ಅಂತ ತೀರ್ಮಾನಿಸಿ ಒಂಬತ್ತು ದಾಳ ಎಲ್ಲರ ಎದುರಿಗೇ ಹಾಕಿದೆ. ಏನು ಅಂತ ಹೇಳಲಿಲ್ಲ. 118 ಬಂತು. ಅಲ್ಲಿಗೆ 189. ರೆಕ್ಕೆಯ ಗಾಯದ ನಿಯಮ ಬೇಡ ಅಂತ ಟೇಬಲ್ ಒಮ್ಮತದಿಂದ ಹೇಳಿತು, ಬಿಟ್ಟೆ.

ಅರ್ಧ ಗಂಟೆ ಚರ್ಚೆ ಮಾಡಿ ಮಲಗುವುದು ಬೇಡ ಅಂತ ನಿರ್ಧರಿಸಿದರು. ರೋಗ್ ಹೇಳಿದ ಮಾತು ಅದು: "ನಮಗಿಂತ ಅದಕ್ಕೆ ನಿದ್ದೆ ಜಾಸ್ತಿ ಬೇಕಾಗಿದೆ." ಹೊರಡುವ ಮೊದಲು ರೇಂಜರ್ ತಾನಾಗಿಯೇ ಚಿಪ್ಪು ತೆಗೆದು ವಿಝರ್ಡ್ ಕೈಗೆ ಕೊಟ್ಟಳು. ನಾನು ಸುಳಿವೇ ಕೊಡಬೇಕಾಗಲಿಲ್ಲ. ಹತ್ತು ನಿಮಿಷ ಬೆಳ್ಳಿ ಕನ್ನಡಿ ಹಿಡಿದು ಸ್ಕ್ರೈಯಿಂಗ್ ಮಾಡಿದ. ದಾಳ 14 ಬಿತ್ತು, ಸೋಲು. ನಾನು ಕೊನೆಯ ರೆಸಿಸ್ಟೆನ್ಸ್ ಖರ್ಚು ಮಾಡಿದೆ. ಕನ್ನಡಿಯಲ್ಲಿ ಒಂದು ಹಳದಿ ಕಣ್ಣು ಅರೆಕ್ಷಣ ತೆರೆದು ಮುಚ್ಚಿತು ಅಂದೆ. ಫೈಟರ್ ಬೆರಳು ಮಡಚಿ ಎಣಿಸಿದ. "ಮೂರು ಮುಗೀತು." ಇಡೀ ಟೇಬಲ್ ಎದ್ದು ನಿಂತಿತು.

ಸೇತುವೆ ಕೋಬೋಲ್ಡ್‌ಗಳು ಕೆಡವಿದ್ದವು. ಅದರಿಂದ ಒಂದು ಗಂಟೆ ತಡವಾಯಿತು. ಏಳನೇ ಗಂಟೆಗೆ ಗವಿ ಸೇರಿದರು. ನಿಧಿ ಕೋಣೆಯಲ್ಲಿ ಬೆಂಕಿ ಉರಿಯುತ್ತಿತ್ತು, ಡ್ರ್ಯಾಗನ್ ಇಲ್ಲ. ಮೇಲಿನ ಬಿರುಕಿನಿಂದ ದನಿ ಬಂತು. ನೆಲದಿಂದ 120 ಅಡಿ. ಪಂಜರದ ದೂರಕ್ಕಿಂತ 20 ಅಡಿ ಜಾಸ್ತಿ, ಆದರೆ ನಾನು ಅದನ್ನು ಲೆಕ್ಕ ಹಾಕಿ ಇಟ್ಟಿರಲಿಲ್ಲ. ನಕ್ಷೆಯಲ್ಲಿ ಮೊದಲೇ ಬರೆದಿತ್ತು, ವಿಝರ್ಡ್‌ಗೆ ನಕ್ಷೆ ತೋರಿಸಿದೆ.

ಅದು ಹೇಳಿದ್ದು ಇಷ್ಟು. ಒಬ್ಬೊಬ್ಬರು ಎಷ್ಟು ಹೊರಲು ಸಾಧ್ಯವೋ ಅಷ್ಟು ಚಿನ್ನ ತೆಗೆದುಕೊಳ್ಳಿ. ನಿಮ್ಮ ಊರಿನ ಕಡೆ ಹತ್ತು ವರ್ಷ ಬರುವುದಿಲ್ಲ. ಬದಲಿಗೆ ನನ್ನ ಮೈಯಿಂದ ಕಿತ್ತದ್ದನ್ನು ಕೆಳಗಿಟ್ಟು ಹೋಗಿ.

ನಲವತ್ತು ನಿಮಿಷ ಜಗಳವಾಡಿದರು. ಕ್ಲೆರಿಕ್ ಒಪ್ಪಂದ ಬೇಡ ಅಂದಳು, ರೋಗ್ ಆಗಲೇ ಚೀಲ ಬಿಚ್ಚಿದ್ದ. ಇವರು ಮಾತಾಡಿದಷ್ಟೂ ಎಂಟನೇ ಗಂಟೆ ಹತ್ತಿರ ಬರುತ್ತಿತ್ತು. ಅದು ಹೊಳೆದದ್ದು ಫೈಟರ್‌ಗೆ ಮಾತ್ರ. ಕೊನೆಗೆ ಒಪ್ಪಿದರು. ರೇಂಜರ್ ಕಲ್ಲಿನ ಮೇಲೆ ಚಿಪ್ಪು ಇಟ್ಟಳು.

ಒಂದೇ ಒಂದು. ಇನ್ನೊಂದು ಅವಳ ಬಾಣದ ಬತ್ತಳಿಕೆಯ ತಳದಲ್ಲಿದೆ. ಸೆಷನ್ ಅಲ್ಲಿಗೆ ನಿಲ್ಲಿಸಿದೆ. ಈಗ ಹೇಳಿ, ಡ್ರ್ಯಾಗನ್‌ಗೆ ಗೊತ್ತಾಗುತ್ತದಾ?

ಬಿಲ್ಲುಗಾರ್ತಿ:
ಆ ರೇಂಜರ್‌ಗೆ ನನ್ನ ನಮಸ್ಕಾರ ತಿಳಿಸಿ.

ಹಳೇ_ದಾಳ:
ಪ್ಯಾಸಿವ್ ಪರ್ಸೆಪ್ಶನ್ (ತಾನಾಗಿ ಗಮನಿಸುವ ಶಕ್ತಿ) 23 ಇದೆ, ಆದರೆ ಬತ್ತಳಿಕೆಯ ಒಳಗೆ ಇರುವುದು 120 ಅಡಿ ಮೇಲಿಂದ ಹೇಗೆ ಕಾಣುತ್ತದೆ?

ಕೆಂಡದ_ಮೂಗು:
ನೋಡಬೇಕಾಗಿಯೇ ಇಲ್ಲ. ತನ್ನ ರಾಶಿಯಲ್ಲಿ ಒಂದು ನಾಣ್ಯ ಹೋದರೂ ತಿಳಿಯುವ ಪ್ರಾಣಿ ಅದು. ತನ್ನ ಮೈಯಲ್ಲಿ ಎಷ್ಟು ಚಿಪ್ಪು ಹೋಗಿದೆ ಅಂತ ಎಣಿಸದೇ ಇರುತ್ತದಾ? ಗೊತ್ತಾಗಿದೆ. ಆದರೆ ಈಗ ಏನೂ ಹೇಳಬೇಡಿ. ಇವರು ಚಿನ್ನ ಹೊತ್ತು ಗವಿ ದಾಟಿ ಹೋಗಲಿ. ಎಂಟನೇ ಗಂಟೆ ಮುಗಿಯಲಿ.

ಗವಿಬಾಗಿಲು:
ಹೊರುವ ಚಿನ್ನದ ತೂಕ ಲೆಕ್ಕ ಹಾಕಿ, ಎಷ್ಟು ನಿಧಾನವಾಗಿ ನಡೆಯುತ್ತಾರೆ ನೋಡುತ್ತೇನೆ.

ರೂಲ್_ಪುಸ್ತಕ:
50 ನಾಣ್ಯಕ್ಕೆ ಒಂದು ಪೌಂಡ್.